ಚೂಪಿನ ಅಳತೆ

ಭಾನುವಾರ ಹತ್ತು ಗಂಟೆ ದಾಟಿದರೂ ಮುರಿಗೆಪ್ಪ ಮಾಳಾ ಬಿಟ್ಟು ಇಳಿದಿರಲಿಲ್ಲ. ನಿದ್ದೆಯೇನೂ ಅಲ್ಲ. ಎಂದಿನಂತೆ ಐದಕ್ಕೆ ಎದ್ದು, ಸ್ನಾನದ ಮೋರಿಯಲ್ಲಿ ಎರಡು ಬಕೀಟು ತಣ್ಣೀರು ಸುರಿದುಕೊಂಡು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ, ಚಹಾ ಕುಡಿದು, ಮತ್ತೆ ಕಬ್ಬಿಣದ ಏಣಿ ಹತ್ತಿ ಚಾಪೆಗೆ ಬೆನ್ನು ಕೊಟ್ಟಿದ್ದ. "ಅರ್ಧಾ ತಾಸು ಅಡ್ಡಾಗ್ತೀನಿ" ಎಂದು ಹೆಂಡತಿ ಶರಣವ್ವನಿಗೆ ಹೇಳಿ ಬಂದ ಆ ಅರ್ಧ ತಾಸು ಈಗ ನಾಲ್ಕು ತಾಸಾಗಿತ್ತು. ಧಾರಾವಿಯ ಆ ಒಂದೇ ಕೋಣೆಯ ಮೇಲೆ ಹಲಗೆ ಹೊದಿಸಿ ಮಾಡಿದ ಮಾಳಾದಲ್ಲಿ ಎದ್ದು ಕೂತರೆ ತಗಡು ತಲೆಗೆ ತಾಕುತ್ತದೆ. ಮಲಗಿದವನಿಗೆ ಮಾತ್ರ ಅಲ್ಲಿ ಜಾಗ. ಪೂಜೆಯ ಹೊತ್ತಿನಲ್ಲಿ ಹಾಗೇಕಾಯಿತು ಎಂದು ಅವನು ಯೋಚಿಸುತ್ತಿದ್ದ. ಅಂಗೈಯನ್ನೇ ನೋಡುತ್ತ ಕೂತಿದ್ದಾಗ ಅಲ್ಲಿ ಕಾರ್ಖಾನೆಯ ದೂಜನ ಮುಖ ಬಂದು ಕೂತಿತ್ತು. ಬೈಸಿಕೊಳ್ಳುವಾಗಲೂ ಅರ್ಧ ನಗುವ ಮುಖ. ಒಂದು ಸಲ ಕಣ್ಣು ಮುಚ್ಚಿ ತೆರೆದ. ಹೋಗಲಿಲ್ಲ. ದೇವರೆದುರು ಕೂತಾಗ ಮನಸ್ಸು ಅತ್ತಿತ್ತ ಓಡುವುದು ಮಂದಿಯ ಕಷ್ಟ ಎಂದು ಕೇಳಿದ್ದನೇ ಹೊರತು ಅದು ತನ್ನ ಕಷ್ಟ ಎಂದು ಅವನು ಯಾವತ್ತೂ ತಿಳಿದಿರಲಿಲ್ಲ.

ಅಶಾಂತಿ ಅವನ ಸ್ವಭಾವವಲ್ಲ. ಚರ್ಮವನ್ನು ಹಲಗೆಯ ಮೇಲೆ ಹಾಸಿ ಒಮ್ಮೆ ಅಂಗೈ ಆಡಿಸಿದರೆ ಸಾಕು, ಎಲ್ಲಿ ಬೆನ್ನು ಎಲ್ಲಿ ಹೊಟ್ಟೆ, ಎಲ್ಲಿ ಎಳೆದರೆ ಹಿಗ್ಗುತ್ತದೆ ಎಲ್ಲಿ ಹಿಗ್ಗುವುದಿಲ್ಲ ಎಂದು ಬೆರಳೇ ಹೇಳುತ್ತದೆ. ಈ ಕೆಲಸದಲ್ಲಿ ಮೂವತ್ತೆರಡು ವರ್ಷ. ಚರ್ಮ ಕೊಯ್ಯುವ ರಂಪಿಯ ಬಾಯಿ ಒಮ್ಮೆ ತಾಗಿದ ಮೇಲೆ ಅವನ ಕೈ ನಡುವೆ ನಿಂತದ್ದಿಲ್ಲ, ಎರಡನೆಯ ಸಲ ಎಳೆದದ್ದಿಲ್ಲ. ಪಕ್ಕದ ಗಲ್ಲಿಯ ಕಾರ್ಖಾನೆಯವರೂ ಹೊಸ ನಮೂನೆಯ ಬ್ಯಾಗು ಬಂದರೆ ಅವನಿಂದಲೇ ಫರ್ಮಾ ಕತ್ತರಿಸಿಕೊಂಡು ಹೋಗುತ್ತಾರೆ. ಆ ದಪ್ಪ ರಟ್ಟಿನ ಅಚ್ಚನ್ನು ಚರ್ಮದ ಮೇಲಿಟ್ಟು ಸುತ್ತ ರಂಪಿ ಎಳೆದರೆ ನೂರು ತುಂಡೂ ಒಂದೇ ತಾಯಿಯ ಮಕ್ಕಳ ಹಾಗೆ ಬರಬೇಕು. ಬರುತ್ತಿದ್ದವು. ಹೊಸ ಫರ್ಮಾಗಳನ್ನು ಅವನು ಕಾರ್ಖಾನೆಯಲ್ಲಿ ಬಿಡುವುದಿಲ್ಲ. ಬಟ್ಟೆಯ ಚೀಲದಲ್ಲಿ ಹಾಕಿ ಮನೆಗೆ ತಂದು ಏಣಿಯ ಪಕ್ಕದ ಮೊಳೆಗೆ ತೂಗುಹಾಕುತ್ತಾನೆ. ಈಗಲೂ ಚೀಲ ಅಲ್ಲೇ ಇತ್ತು. ಮಲಗಿದಲ್ಲಿಂದ ಅದರ ಹಿಡಿಕೆ ಕಾಣುತ್ತಿತ್ತು. ಅವನು ಆ ಕಡೆ ಬೆನ್ನು ಮಾಡಿ ಹೊರಳಿದ.

ಕೆಳಗೆ ಮಕ್ಕಳು ಬಂದು ಕೂಡುವ ಸದ್ದು ಶುರುವಾಯಿತು. ಸೊಸೆ ಸೌಮ್ಯಾ ಭಾನುವಾರ ಗಲ್ಲಿಯ ಎಂಟು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಮಗ ಬಸುವಿಗೆ ಅಂದೂ ಡ್ಯೂಟಿ ಇರುವುದರಿಂದ ಕೋಣೆಯಲ್ಲಿ ಅಷ್ಟು ಜಾಗವಾಗುತ್ತದೆ. ಚಪ್ಪಲಿ ಬಿಡುವ ಜಗಳ, ಕಂಪಾಸ್ ಡಬ್ಬಿ ಬೀಳುವ ಸದ್ದು, "ದೀದಿ, ಇವನು ನನ್ನ ಜಾಗಾ ತಗೊಂಡಾನ" ಎಂಬ ದೂರು. ಹಲಗೆಯ ಸಂದಿನಿಂದ ಎಲ್ಲವೂ ಸೀದಾ ಅವನ ಕಿವಿಗೆ ಬರುತ್ತಿತ್ತು.

ನಿನ್ನೆ ಕಾರ್ಖಾನೆಯಲ್ಲೂ ಹೀಗೇ ಎಲ್ಲರ ದನಿ ಒಟ್ಟಿಗೆ ಎದ್ದಿತ್ತು. ಎರಡು ತಿಂಗಳಿಂದ ಅವರು ಮಾಡುತ್ತಿದ್ದದ್ದು ಹೆಂಗಸರ ಒಂದು ಸಣ್ಣ ಬ್ಯಾಗು. ಅದರ ಮುಚ್ಚಳ ಮೇಲಿಂದ ಇಳಿದು ಬಂದು ಕೆಳಗೆ ಚೂಪಾಗಿ ಮುಗಿಯುತ್ತದೆ. ಆ ಚೂಪು ತುದಿಗೆ ಒಂದು ಹಿತ್ತಾಳೆಯ ಟೋಪಿ. ಅದೇ ಬ್ಯಾಗು ದೊಡ್ಡ ಸೈಜಿನಲ್ಲಿ ಬೇಕು ಎಂದು ಆರ್ಡರ್ ಬಂತು. "ಡಿಸೈನ್ ಅದೇ ಮಾಸ್ಟರ್, ಸೈಜ್ ಅಷ್ಟೇ ಒಂದೂವರೆ ಪಟ್ಟು" ಎಂದ ಸೇಟ ಹಿತೇಶ್. ಗುರುವಾರ ಮುರಿಗೆಪ್ಪ ಹೊಸ ಫರ್ಮಾ ಬರೆದ. ಎರಡೂ ಅಂಚನ್ನು ಉದ್ದ ಮಾಡಿ ನೋಡಿದಾಗ ತುದಿ ಯಾಕೋ ಬಡವಾಗಿ ಕಂಡಿತು. ಇಷ್ಟು ದೊಡ್ಡ ಮುಚ್ಚಳಕ್ಕೆ ಅಷ್ಟೇ ಮೂಲೆಯೇ? ಕೂಸಿನ ಅಂಗಿಯ ಕಾಲರು ಅಪ್ಪನ ಅಂಗಿಗೆ ಸಾಲುತ್ತದೇನು? ತುದಿಯನ್ನು ಅಲ್ಲೇ ಇಟ್ಟು ಎರಡೂ ಅಂಚನ್ನು ಸ್ವಲ್ಪ ಅಗಲಿಸಿದ. ಮೇಲೆ ಹೆಚ್ಚಾದದ್ದನ್ನು ಹೊಲಿಗೆಯೊಳಗೆ ಮಡಚಿದರಾಯಿತು. ಈಗ ಕಣ್ಣಿಗೆ ಒಪ್ಪಿತು. ಶುಕ್ರವಾರ ನಲವತ್ತು ಮುಚ್ಚಳ ಕತ್ತರಿಸಿ ಇಟ್ಟ. ಶನಿವಾರ ದೂಜ ಟೋಪಿ ಕೂರಿಸಲು ಕೂತರೆ ಒಂದೂ ಕೂರಲೊಲ್ಲದು. ಚರ್ಮ ಟೋಪಿಯ ಬಾಯಲ್ಲೇ ಮುದುಡಿ ನಿಲ್ಲುತ್ತಿತ್ತು. ಬಲವಂತ ಮಾಡಿ ಬಡಿದ ಐದರ ಮೂತಿ ಹರಿದುಹೋಯಿತು.

"ಟೋಪಿ ತಂದವನು ಯಾರು?" ಹಿತೇಶನ ಹಿಂದಿ ಕೋಪ ಬಂದಾಗ ಗುಜರಾತಿಯ ಕಡೆಗೆ ವಾಲುತ್ತದೆ. ಬೈಕುಲ್ಲಾಕ್ಕೆ ಹೋಗಿ ತಂದವನು ದೂಜನೇ. ಕಡಲ ಕಡೆಯವನು, ಮನೆಮಾತು ತುಳು, ಈ ಕಾರ್ಖಾನೆಗೆ ಬಂದು ಒಂದು ವರ್ಷವೂ ಆಗಿಲ್ಲ. "ದೊಡ್ಡ ಬ್ಯಾಗಿಗೆ ದೊಡ್ಡ ಟೋಪಿ ಬೇಕು ಅಂತ ತಲೆಗೆ ಹೊಳೆಯಲಿಲ್ಲವಾ?"

"ಸೇಟ್, ಡಿಸೈನ್ ಅದೇ ಅಂದ ಮೇಲೆ ಮೂಲೆಯೂ ಅದೇ ಅಲ್ಲವಾ? ಅದಕ್ಕೆ ಅದೇ ಟೋಪಿ ತಂದದ್ದು."

ಹೊಲಿಗೆ ಮಷೀನಿನಿಂದ ಸಂತು ಕೂಗಿದ: "ಹೇಂತಿಗೂ ಮಗಳಿಗೂ ಒಂದ ಸೈಜಿನ ಬಳಿ ತರ್ತೀಯೇನೋ ದೂಜ?" ಎಲ್ಲರೂ ನಕ್ಕರು. ದೂಜನೂ ಅರ್ಧ ನಕ್ಕ. ನಕ್ಕವನು ಮುರಿಗೆಪ್ಪನ ಕಡೆ ತಿರುಗಿ, "ಮಾಸ್ಟ್ರೇ, ನೀವಾದರೂ ಹೇಳಿ ಮಾರ್ರೆ. ಆ ಫರ್ಮಾ ಒಂದು ಸಲ ತೆಗೆದು ನೋಡುವಾ" ಎಂದ.

ಆಗ ಮುರಿಗೆಪ್ಪ ಆಡಿದ ಮಾತು ಒಂದೇ. "ನನ್ನ ಫರ್ಮಾ ತಪ್ಪಂಗಿಲ್ಲ."

ಹಾಗೆಂದವನೇ ಕಲ್ಲಿಗೆ ಎರಡು ಹನಿ ನೀರು ಹಾಕಿ ರಂಪಿ ಮಸೆಯತೊಡಗಿದ್ದ. ರಂಪಿ ಆಗಷ್ಟೇ ಮಸೆದದ್ದು. ಹಿಂದಿನಿಂದ ಹಿತೇಶ್ ದೂಜನಿಗೆ ಹೇಳಿದ್ದು ಕೇಳಿಸಿತು: ಸೋಮವಾರದಿಂದ ಬೇರೆಯವನು ಬರುತ್ತಾನೆ, ನಾಳೆ ಮಧ್ಯಾಹ್ನದೊಳಗೆ ನಿನ್ನ ಸಾಮಾನು ಕಟ್ಟಿಕೊಂಡು ಹೋಗು. ತಾನಾಡಿದ ಮಾತಿನಲ್ಲಿ ಸುಳ್ಳೇನಿತ್ತು? ಮೂವತ್ತೆರಡು ವರ್ಷದಲ್ಲಿ ತಪ್ಪಿದ್ದಿಲ್ಲ. ಆದರೂ ಗುರುವಾರ ಅಗಲಿಸಿದ ಆ ಎರಡು ಬೆರಳಿನಷ್ಟು ಜಾಗದ ಕಡೆಗೇ ನಿನ್ನೆಯಿಂದ ಮನಸ್ಸು ಹೊರಳುತ್ತಿತ್ತು. ಅಗಲಿಸಿದ್ದು ಸರಿ. ದೊಡ್ಡದಕ್ಕೆ ದೊಡ್ಡ ಮೂಲೆ. ಸರಿ ಅಂದಮೇಲೆ ಆ ಚೀಲಕ್ಕೆ ಬೆನ್ನು ಮಾಡಿ ಮಲಗಿದ್ದು ಯಾಕೆ?

"ಎಲ್ಲಾರೂ ಇಲ್ಲಿ ನೋಡ್ರಿ," ಎಂದಳು ಸೌಮ್ಯಾ ಕೆಳಗೆ. ಸೀಮೆಸುಣ್ಣ ಗೋಡೆಯ ಕರಿಹಲಗೆಯ ಮೇಲೆ ಕಿರ್ ಎಂದಿತು. ಮುರಿಗೆಪ್ಪ ಮಗ್ಗುಲಾಗಿ ಏಣಿಯ ಬಾಯಿಂದ ಕೆಳಗೆ ನೋಡಿದ. ಎರಡು ಚಿತ್ರ ಬರೆದಿದ್ದಳು. ಒಂದರಲ್ಲಿ ಎರಡು ಗಿಡ್ಡ ಗೆರೆ ಒಂದು ಚುಕ್ಕೆಯಲ್ಲಿ ಕೂಡಿ ಅಗಲವಾಗಿ ಬಾಯಿ ತೆರೆದಿದ್ದವು. ಇನ್ನೊಂದರಲ್ಲಿ ಎರಡು ಉದ್ದ ಗೆರೆ, ಸಣ್ಣ ಬಾಯಿ. "ಇವೆರಡರಾಗ ದೊಡ್ಡ ಕೋನ ಯಾವುದು?"

"ಉದ್ದದ್ದು!" ಎಂದವು ಎಂಟೂ ಕಂಠ.

ಉದ್ದದ್ದು, ಎಂದ ಮುರಿಗೆಪ್ಪ ಮೇಲೆ, ತುಟಿ ಅಲ್ಲಾಡಿಸದೆ.

ಸೌಮ್ಯಾ ಗೊಳ್ಳೆಂದು ನಕ್ಕಳು. "ಎಂಟೂ ಮಂದಿ ಕೂಡೇ ಬಿದ್ದ್ರಿ ನೋಡ್ರಿ!" ಆ ನಗು ಏಣಿ ಹತ್ತಿ ಬಂದು ಅವನ ಕಪಾಳಕ್ಕೆ ತಾಗಿತು. ಮನೆಯಲ್ಲಿ ಅವನೆದುರು ಸೌಮ್ಯಾ ದನಿಯೆತ್ತಿ ನಕ್ಕವಳಲ್ಲ. ಮಾವ ಮಲಗಿದ್ದಾರೆ ಅಂದುಕೊಂಡಿದ್ದಾಳೆ. ಒಂಬತ್ತನೆಯವನಾಗಿ ತಾನೂ ಬಿದ್ದೆನೆಂದು ಅವಳಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಐವತ್ತೈದು ವರ್ಷದ ಗಂಡಸಿನ ಕಿವಿ ಬಿಸಿಯಾಯಿತು.

"ಪಣ್ ದೀದಿ," ಎಂದಳು ಸಾಧನಾ ಎಂಬ ಹುಡುಗಿ, ಮರಾಠಿ, ಹಿಂದಿ, ಕನ್ನಡ ಮೂರನ್ನೂ ಕಲಸಿ, "ಲೈನ್ ಬಡೀ ಐತಿ ನಾ? ಫಿರ್ ಆ್ಯಂಗಲ್ ಬಡಾ ಆಗ್ತದ."

"ಆಗ್ತದೇನು? ನೋಡೂಣು." ಸೌಮ್ಯಾ ಒಂದು ಕಾಗದವನ್ನು ಉದ್ದ ಗೆರೆಗಳ ನಡುವಿನ ಸಣ್ಣ ಬಾಯಿಗೆ ಸರಿಯಾಗಿ ಹರಿದು ಹಿಡಿದಳು. ಆಮೇಲೆ ಸೀಮೆಸುಣ್ಣ ತಗೊಂಡು ಆ ಗೆರೆಗಳನ್ನು ಎಳೆಯುತ್ತ ಹೊರಟಳು. ಒಂದು ಗೆರೆ ಕರಿಹಲಗೆ ದಾಟಿ ಗೋಡೆಗೆ ಇಳಿದು, ದಿನದರ್ಶಿಕೆಯ ಕೆಳಗಿಂದ ಹಾಯ್ದು ಬಾಗಿಲ ಚೌಕಟ್ಟಿನ ತನಕ ಹೋಯಿತು. ಇನ್ನೊಂದು ಹಿಟ್ಟಿನ ಡಬ್ಬಿಯ ಮೇಲೆ ಹಾಯ್ದು ಕುಕ್ಕರಿನ ಕಟ್ಟೆಗೆ ಮುಟ್ಟಿತು.

"ಗ್ವಾಡಿ ಹಾಳ ಮಾಡಬ್ಯಾಡ ಸೌಮ್ಯಾ, ಮೊನ್ನಿನ ಬಣ್ಣ ಅದು!" ಎಂದಳು ಶರಣವ್ವ ರೊಟ್ಟಿ ಬಡಿಯುತ್ತಲೇ.

"ಒರಸ್ತೀನ್ರಿ ಅತ್ತಿ." ಸೌಮ್ಯಾ ಹರಿದ ಕಾಗದವನ್ನು ಮತ್ತೆ ಮೂಲೆಯಲ್ಲಿಟ್ಟಳು. ಅದು ಮೊದಲಿನಷ್ಟೇ ಸರಿಯಾಗಿ ಕೂತಿತು. "ಗೆರಿ ಬಾಗಲತನಾ ಹೋತು. ಮೂಲಿ ತೆರಕೊಂಡದ್ದು ಎಷ್ಟಿತ್ತೋ ಅಷ್ಟ ಐತಿ. ಗೆರಿ ಪುಣೆತನಾ ಹೋದ್ರೂ ಅಷ್ಟ ಇರ್ತೈತಿ. ಕೋನ ಅಂದ್ರ ಗೆರಿ ಉದ್ದ ನೋಡೂದಲ್ಲ, ಎಷ್ಟ ತೆರದೈತಿ ಅನ್ನೋದು ನೋಡೂದು."

ಹಾಗೆ ಹೇಳಿ ಅವಳು ಒಂದು ನೋಟ್‌ಬುಕ್ಕಿನ ಮೂಲೆಯನ್ನು ಚುಕ್ಕೆಗೆ ತಾಗಿಸಿ ಹಿಡಿದಳು. ನೋಟ್‌ಬುಕ್ಕಿನ ಮೂಲೆಗಿಂತ ಕಡಿಮೆ ತೆರೆದದ್ದೆಲ್ಲ ಲಘುಕೋನ, ಇಂಗ್ಲಿಷಿನಲ್ಲಿ ಅಕ್ಯೂಟ್. ಪುಸ್ತಕದ ಅಂಚನ್ನು ಒಂದು ಗೆರೆಗೆ ಹೊಂದಿಸಿದಾಗ ಇನ್ನೊಂದು ಗೆರೆ ಪುಸ್ತಕದ ಕೆಳಗೆ ಮುಚ್ಚಿಹೋದರೆ ಗುರುತು ಸಿಕ್ಕಿತು ಎಂದಳು. "ಸಬ್ ಅಕ್ಯೂಟ್ ಸೇಮ್?" ಎಂದು ಸಾಧನಾ ಮತ್ತೆ ಕೇಳಿದಳು. "ಸೇಮ್ ಹ್ಯಾಂಗ ಆದೀತವಾ? ಚೂಪ ಅಂತ ಅಂದ್ರ ಮುಗೀಲಿಲ್ಲ, ಎಷ್ಟ ಚೂಪ ಅಂತ ಕೇಳಬೇಕು."

ಮುರಿಗೆಪ್ಪ ಉಸಿರು ಹಿಡಿದು ಕೇಳುತ್ತಿದ್ದ. ಕೇಳುವುದು ಅವನಿಗೆ ಬರುವ ವಿದ್ಯೆ. ಅವ್ವ ರಾಚವ್ವ ಅಕ್ಷರ ತಿಳಿಯದವಳು. ಆದರೆ ಸಂಜೆ ಹೊಲಿಗೆಗೆ ಕೂತರೆ ಅವಳ ಬಾಯಿಂದ ಪದದ ಮೇಲೆ ಪದ ಬರುತ್ತಿತ್ತು, ದಾರದ ಎಳೆತಕ್ಕೆ ಸರಿಯಾಗಿ. ಹುಡುಗನಾಗಿದ್ದ ಅವನು ಎದುರು ಕೂತು ಹಾಡಿನ ಸೊಲ್ಲಿಗೆ ಸೊಲ್ಲು ಸೇರಿಸಬೇಕು. ತಪ್ಪಿ ಹೇಳಿದರೆ ಅವ್ವ ತಿದ್ದುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಸೂಜಿ ನಿಲ್ಲಿಸಿ ಸುಮ್ಮನೆ ಕೂಡುತ್ತಿದ್ದಳು. ಆ ಸುಮ್ಮನಿರುವಿಕೆಯಲ್ಲಿ ಅವನು ತಾನೇ ಹಿಂದಕ್ಕೆ ಹೋಗಿ, ಎಡವಿದ ಸೊಲ್ಲನ್ನು ಹುಡುಕಿ, ಸರಿಮಾಡಿ ಹೇಳಬೇಕು. ಹೇಳಿದ ಮರುಗಳಿಗೆ ಸೂಜಿ ಮತ್ತೆ ನಡೆಯುತ್ತಿತ್ತು. ಒಂದು ಸಂಜೆ ಅವನು ಹಟ ಹಿಡಿದು ತಪ್ಪನ್ನೇ ಮೂರು ಸಲ ಜೋರಾಗಿ ಹೇಳಿದ್ದ. ಅವ್ವನ ಸೂಜಿ ಏಳಲಿಲ್ಲ. ಊಟದ ಹೊತ್ತಾದರೂ ಏಳಲಿಲ್ಲ.

ಮೂಲೆ ಅಷ್ಟೇ ಇರುತ್ತದೆ. ಮಾಳಾದ ಮಸಕಿನಲ್ಲಿ ಅವನ ಕಣ್ಣೆದುರು ಸಣ್ಣ ಮುಚ್ಚಳದ ಎರಡು ಅಂಚು ಉದ್ದವಾದವು, ತಗಡು ದಾಟಿ ಹೋದವು, ತುದಿ ಮಾತ್ರ ಇದ್ದ ಹಾಗೇ ಇತ್ತು. ಆ ತುದಿಗೆ ಆ ಟೋಪಿ. ಸಣ್ಣದಕ್ಕೂ ಅದೇ, ದೊಡ್ಡದಕ್ಕೂ ಅದೇ, ಆಕಾಶದಷ್ಟು ಮುಚ್ಚಳ ಮಾಡಿದರೂ ಅದೇ. ಎಷ್ಟು ಸರಳ! ತಿಳಿದ ಸುಖವೇ ಮೊದಲು ಬಂತು. ಬಾಯಲ್ಲಿ ಬೆಲ್ಲ ಕರಗಿದ ಹಾಗೆ ಅವನು ಒಬ್ಬನೇ ನಕ್ಕ. ಮೂವತ್ತೆರಡು ವರ್ಷ ಚೂಪು ಮೂಲೆಗಳನ್ನೇ ಕತ್ತರಿಸಿದ ಕೈಗೆ ಇವತ್ತು ಚೂಪಿನ ಗುಟ್ಟು ಸಿಕ್ಕಿತಲ್ಲ ಎಂಬ ಹಿಗ್ಗು. ನಾಚಿಕೆ ಆಮೇಲೆ ಬಂತು, ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತಿಕೊಂಡು. ಡಿಸೈನ್ ಅದೇ ಅಂದ ಮೇಲೆ ಮೂಲೆಯೂ ಅದೇ ಅಲ್ಲವಾ, ಎಂದಿದ್ದ ದೂಜ. ಇಡೀ ಕಾರ್ಖಾನೆಯಲ್ಲಿ ಸರಿಯಾದ ಮಾತು ಆಡಿದವನು ಅವನೊಬ್ಬನೇ.

ಅವನು ಚೀಲ ತೆಗೆದುಕೊಂಡು ಏಣಿ ಇಳಿದ. ಮಕ್ಕಳು ಕಾಲು ಮಡಚಿ ಜಾಗ ಬಿಟ್ಟವು. ಸೌಮ್ಯಾ ಸೆರಗು ಸರಿಮಾಡಿಕೊಂಡು, "ಗದ್ದಲಾ ಆತೇನ್ರಿ ಮಾವಾರ?" ಎಂದಳು.

"ಇಲ್ಲವಾ." ಅವನು ಅವಳೆದುರು ನೆಲದ ಮೇಲೆ ಮಕ್ಕಳ ಸಾಲಿನಲ್ಲೇ ಕೂತ. ಎರಡೂ ಫರ್ಮಾ ಹೊರತೆಗೆದು, ದೊಡ್ಡದರ ತುದಿಯ ಮೇಲೆ ಸಣ್ಣದರ ತುದಿ ಇಟ್ಟ. ಮುಚ್ಚಬೇಕಿತ್ತು. ದೊಡ್ಡದು ಎರಡೂ ಬದಿಗೆ ಇಣುಕಿತು. "ಸ್ವಲ್ಪ ಅಳದು ಹೇಳು ಸೌಮ್ಯವ್ವ."

ಅವಳು ಅರ್ಧಚಂದ್ರದಂಥ ಪ್ಲಾಸ್ಟಿಕ್ ಅಳತೆಪಟ್ಟಿ ಇಟ್ಟು ನೋಡಿದಳು. "ಎರಡೂ ಲಘುಕೋನನರಿ. ಆದ್ರ ಒಂದ ಅಲ್ಲ. ಸಣ್ಣದು ಅರವತ್ತು. ಇದು..." ತಡೆದಳು. ಯಾರ ಕೈಯ ಫರ್ಮಾ ಎಂದು ಅವಳಿಗೆ ಗೊತ್ತು. "ಎಪ್ಪತ್ತೈದು ಐತ್ರಿ."

"ಅಜ್ಜಾ ಭೀ ಉದ್ದದ್ದು ಬೋಲಾ ಕ್ಯಾ?" ಸಾಧನಾ ಕಣ್ಣರಳಿಸಿದಳು.

"ಹೂಂ, ಅಂದೆ. ಮ್ಯಾಲ ಮಲಕೊಂಡು ಅಂದೆ," ಎಂದ ಮುರಿಗೆಪ್ಪ. ಮಕ್ಕಳು ನಕ್ಕರು. ಈ ಸಲ ಕಿವಿ ಬಿಸಿಯಾಗಲಿಲ್ಲ. ಅವನು ಎದ್ದು ಚಪ್ಪಲಿ ಹುಡುಕಿದ.

"ರೊಟ್ಟಿ ಆಗ್ಯಾವ, ಈಗೆಲ್ಲಿಗಿ ನಡೆದ್ರಿ?" ಎಂದಳು ಶರಣವ್ವ.

"ಕಾರ್ಖಾನಿಗೆ. ದೂಜ ಮಧ್ಯಾನದಾಗ ಹೊಕ್ಕಾನ."

"ಅವ ಹೋದ್ರ ನಿಮಗೇನ್ರಿ?"

"ನಾ ಕಳಿಸೀನಿ ಅವನ್ನ," ಎಂದ. ಶರಣವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿ, ತವೆಯ ಉರಿ ಸಣ್ಣ ಮಾಡಿದಳು.

ಗಲ್ಲಿಯಲ್ಲಿ ಹೆಜ್ಜೆ ತಾನಾಗಿಯೇ ಬಿರುಸಾಯಿತು. ಎಲ್ಲಿ ನೋಡಿದರೂ ಕಣ್ಣಿಗೆ ಚೂಪು ಮೂಲೆಗಳೇ: ಗೋಡೆಗೆ ಒರಗಿದ ಏಣಿ, ತಾಡಪತ್ರಿ ಬಿಗಿದ ಹಗ್ಗ, ಕೈಗಾಡಿಯ ಮೂಕಿ ನೆಲಕ್ಕೆ ಊರಿದ ರೀತಿ, ದರ್ಜಿಯ ಕತ್ತರಿಯ ಬಾಯಿ. ಎಷ್ಟೊಂದು ಚೂಪು, ಯಾವುದೂ ಇನ್ನೊಂದರಷ್ಟಲ್ಲ. ಹಳೆ ಡಬ್ಬ ಚಚ್ಚುವವರ ಮುಂದೆ ಹಾದು ಚರ್ಮದ ಗಲ್ಲಿಗೆ ತಿರುಗುವಾಗ ಇನ್ನೊಂದು ಯೋಚನೆ ಮೆಲ್ಲಗೆ ಪಕ್ಕಕ್ಕೆ ಬಂದು ನಡೆಯತೊಡಗಿತು. ಹೇಳಲೇಬೇಕೇ? ನಾಳೆ ಎಲ್ಲರಿಗಿಂತ ಮೊದಲೇ ಬಂದು ಮುಚ್ಚಳಗಳ ಅಂಚು ಸವರಿಬಿಟ್ಟರೆ ಟೋಪಿ ಕೂರುತ್ತದೆ. ಹೊಸಬ ಬಂದು ಬಡಿಯುತ್ತಾನೆ. ಮಾಸ್ಟರ್ ಏನೋ ಮಾಡಿ ಸರಿಪಡಿಸಿದ ಎಂದು ಸೇಟ ಬೆನ್ನು ತಟ್ಟುತ್ತಾನೆ. ದೂಜನಿಗೆ ಆಚೆ ಗಲ್ಲಿಯಲ್ಲಿ ಒಂದು ಮಾತು ಹೇಳಿ ಕೆಲಸ ಕೊಡಿಸಿದರಾಯಿತು. ಉಪಕಾರವೂ ಆದೀತು. ಅವನು ಆ ಯೋಚನೆಯನ್ನು ಚರ್ಮ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದ. ಎಲ್ಲಿಯೂ ತೂತಿಲ್ಲ, ನುಣುಪಾಗಿತ್ತು. ಆದರೆ ಹಾಗೆ ಮಾಡಿದ ಮೇಲೆ ದೂಜ ಎಲ್ಲಿದ್ದರೂ ತಪ್ಪು ಟೋಪಿ ತಂದವನಾಗಿಯೇ ಇರುತ್ತಾನೆ. ಒಂದು ದಿನ ಅವನು ತನಗೆ ಕೈಮುಗಿದು, ನಿಮ್ಮಿಂದ ಕೆಲಸ ಸಿಕ್ಕಿತು ಮಾಸ್ಟ್ರೇ, ಎನ್ನುತ್ತಾನೆ. ಅದನ್ನು ನೆನೆದೇ ಮುರಿಗೆಪ್ಪ ಆ ಯೋಚನೆ ಬಿಟ್ಟು ಹೆಜ್ಜೆ ಇನ್ನೂ ಬಿರುಸು ಮಾಡಿದ. ಕಾರ್ಖಾನೆಯ ಬಾಗಿಲಲ್ಲಿ ಅವನು ನಿಲ್ಲಲಿಲ್ಲ.

ಹಿತೇಶ್ ಕಟಿಂಗ್ ಹಲಗೆಯ ತುದಿಯಲ್ಲಿ ಕೂತು ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದುತ್ತಿದ್ದ. ದೂಜ ನೆಲದ ಮೇಲೆ ಹಳೆಯ ಲುಂಗಿ ಹಾಸಿ ಸುತ್ತಿಗೆ, ಇಕ್ಕಳ, ಉಳಿಗಳನ್ನು ಒಂದೊಂದಾಗಿ ಇಡುತ್ತಿದ್ದ.

"ಓ, ಮಾಸ್ಟ್ರು! ನನ್ನನ್ನು ಕಳಿಸಿಕೊಡ್ಲಿಕ್ಕೆ ಬಂದದ್ದಾ? ಹಾರ ಎಲ್ಲುಂಟು?"

ಮುರಿಗೆಪ್ಪ ಎರಡು ಫರ್ಮಾಗಳನ್ನು ಹಲಗೆಯ ಮೇಲೆ ಒಂದರ ಮೇಲೊಂದು ಇಟ್ಟ. "ಸೇಟ್, ಟೋಪಿ ಸರಿ ಇದೆ. ಮೂಲೆ ತಪ್ಪಿದೆ. ಮೂಲೆ ನನ್ನದು," ಎಂದ ಹಿಂದಿಯಲ್ಲಿ.

ಹಿತೇಶನಿಗೆ ಅರ್ಥವಾಗಲಿಲ್ಲ. "ಬ್ಯಾಗು ದೊಡ್ಡದಾದರೆ ಮೂಲೆ ದೊಡ್ಡದಾಗಬೇಕಲ್ಲ ಮಾಸ್ಟರ್? ನಾವೆಲ್ಲ ಅದನ್ನೇ ಅಂದೆವು."

"ಎಲ್ಲರೂ ಕೂಡಿಯೇ ಬಿದ್ದೆವು." ಮುರಿಗೆಪ್ಪ ಚಹಾದ ಲೋಟ ಸರಿಸಿ, ಸಣ್ಣ ಫರ್ಮಾದ ಎರಡು ಅಂಚನ್ನು ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದ. ಫರ್ಮಾ ತೆಗೆದ. ಉದ್ದದ ಪಟ್ಟಿಯಿಟ್ಟು ಗೆರೆಗಳನ್ನು ಎಳೆದ. ಎಂಟಡಿಯ ಹಲಗೆಯ ಆಚೆ ಅಂಚಿನ ತನಕ, ಅಲ್ಲಿಂದ ಕೆಳಗಿಳಿದು ನೆಲದ ಮೇಲೆ, ದೂಜನ ಲುಂಗಿಯ ಅಂಚಿನವರೆಗೆ. ಅವನ ಗೆರೆ ಸೌಮ್ಯಾಳ ಗೆರೆಗಿಂತ ನೆಟ್ಟಗಿತ್ತು. ಅದನ್ನೂ ಅವನು ಗಮನಿಸದೆ ಇರಲಿಲ್ಲ. ಡಬ್ಬಿಯಿಂದ ಒಂದು ಹಿತ್ತಾಳೆಯ ಟೋಪಿ ತೆಗೆದು ಗೆರೆ ಕೂಡಿದ ಚುಕ್ಕೆಯ ಮೇಲಿಟ್ಟ. ಸರಿಯಾಗಿ ಮುಚ್ಚಿತು. "ಇಷ್ಟು ದೊಡ್ಡ ಬ್ಯಾಗು ಮಾಡು ಸೇಟ್, ಟೋಪಿ ಇದೇ."

ಹಿತೇಶ್ ಬಗ್ಗಿ ನೋಡಿದ. ಟೋಪಿ ಎತ್ತಿ, ಮತ್ತೆ ಇಟ್ಟ. "ಅರೇ, ಹಾಂ," ಎಂದ ನಿಧಾನವಾಗಿ. ಆಮೇಲೆ ತಲೆಯೆತ್ತಿದ. "ನಿನ್ನೆ ಈ ಮನುಷ್ಯ ನಿನ್ನನ್ನೇ ಕೇಳಿದನಲ್ಲ, ಫರ್ಮಾ ನೋಡು ಅಂತ?"

"ನೋಡದೆ ಹೇಳಿದೆ."

ದೂಜ ಕೈಯಲ್ಲಿದ್ದ ಉಳಿಯನ್ನು ಇಡಲೂ ಇಲ್ಲ, ಎತ್ತಲೂ ಇಲ್ಲ. ಅವನ ಮುಖದಲ್ಲಿ ಎಂದಿನ ಅರ್ಧ ನಗು ಇರಲಿಲ್ಲ; ಅದಿಲ್ಲದೆ ಅವನು ವಯಸ್ಸಾದವನಂತೆ ಕಂಡ.

"ಚರ್ಮ?" ಎಂದ ಹಿತೇಶ್.

"ಹೆಚ್ಚು ತೆರೆದದ್ದನ್ನು ಸವರಿ ಕಡಿಮೆ ಮಾಡಬಹುದು. ಮೂವತ್ತೈದು ಉಳಿಯುತ್ತವೆ. ಐದು ಹೋದವು."

"ಹೂಂ. ಇವತ್ತಿನಿಂದ ಒಂದು ಕೆಲಸ ಮಾಡು ಮಾಸ್ಟರ್. ಹೊಸ ಫರ್ಮಾ ಬರೆದರೆ ಚರ್ಮಕ್ಕೆ ಕೈ ಹಚ್ಚುವ ಮೊದಲು ಇವನ ಕೈಗೆ ಕೊಡು. ಇವನು ಟೋಪಿ ಇಟ್ಟು ನೋಡಿ ಹೂಂ ಅಂದ ಮೇಲೆ ರಂಪಿ ಎತ್ತು." ಹಿತೇಶ್ ಖಾರಿಯ ಪುಡಿ ಕೊಡವಿ ಎದ್ದ. ದೂಜನ ಲುಂಗಿಯನ್ನು ಸಾಮಾನು ಸಮೇತ ಕಾಲಿನಿಂದ ಒಳಕ್ಕೆ ತಳ್ಳಿ ಹೊರಗೆ ಹೋದ. ಅದೇ ಅವನು ದೂಜನಿಗೆ ಕೇಳಿದ ಮಾಫಿ.

ಮೂವತ್ತೆರಡು ವರ್ಷದ ಮೇಲೆ ತನ್ನ ಫರ್ಮಾಕ್ಕೆ ಇನ್ನೊಬ್ಬನ ಹೂಂ. ಮುರಿಗೆಪ್ಪ ಆ ಮಾತನ್ನು ನಾಲಗೆಯ ಮೇಲೆ ಇಟ್ಟು ನೋಡಿದ. ಕಹಿ ಇತ್ತು. ನುಂಗಬಹುದಾದಷ್ಟು ಕಹಿ. ಒಂದು ಮುಚ್ಚಳ ಎಳೆದುಕೊಂಡು ಸಣ್ಣ ಫರ್ಮಾದ ತುದಿ ಅದರ ತುದಿಗಿಟ್ಟು, ಪಟ್ಟಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ರಂಪಿ ಎಳೆದ. ಎರಡು ತೆಳ್ಳನೆಯ ಎಳೆ ಚರ್ಮ ಸುರುಳಿಯಾಗಿ ಬಿದ್ದವು.

ದೂಜ ಎದ್ದು ಬಂದ. ಸಾಮಾನಿನ ಗಂಟು ಇನ್ನೂ ಬಿಚ್ಚಿಯೇ ಇತ್ತು. ಅದರಿಂದ ಸುತ್ತಿಗೆ ಒಂದನ್ನೇ ತಂದಿದ್ದ. ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ನಿನ್ನೆ ಎಲ್ಲ ನಗಾಡಿದ್ರು ಮಾಸ್ಟ್ರೇ. ಹೆಂಡತಿಗೂ ಮಗಳಿಗೂ ಒಂದೇ ಬಳೆ ಅಂತ."

"ಹೌದು. ನಾ ಕೇಳ್ಕೋತ ನಿಂತಿದ್ದೆ."

"ಮನೆಗೆ ಹೋಗಿ ಎಂತ ಹೇಳುದು ಅಂತ ಗೊತ್ತಾಗ್ಲಿಲ್ಲ ನಂಗೆ. ಊಟ ಆಗಿದೆ ಅಂತ ಸುಳ್ಳು ಹೇಳಿ ಮಲಗಿದೆ." ಅವನು ಕ್ಷಮಿಸಿದೆ ಎನ್ನಲಿಲ್ಲ. ಟೋಪಿಯನ್ನು ತುದಿಗೆ ತೊಡಿಸಿ, ಕಬ್ಬಿಣದ ಗಟ್ಟಿಯ ಮೇಲಿಟ್ಟ. ಹಾಗೆ ಬಡಿಯುವಾಗ ತುಂಡನ್ನು ಇಕ್ಕಳದಲ್ಲಿ ಹಿಡಿಯುವುದು ರೂಢಿ. ಇಕ್ಕಳ ಲುಂಗಿಯ ಮೇಲೆ ಮೂರು ಮಾರು ದೂರದಲ್ಲಿತ್ತು. ದೂಜ ಅತ್ತ ನೋಡಲೂ ಇಲ್ಲ. "ಹಿಡೀರಿ," ಎಂದ. "ಬೆರಳಲ್ಲಿ. ಇಲ್ಲಿ, ಟೋಪಿಯ ಪಕ್ಕ."

ಮುರಿಗೆಪ್ಪ ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದ. ರಂಪಿ ಹಿಡಿಯುವ ಬೆರಳುಗಳು. ಹಿತ್ತಾಳೆ ತಣ್ಣಗಿತ್ತು.

"ಅಲ್ಲಾಡಿಸಬೇಡಿ ಆಯ್ತಾ."

"ಇಲ್ಲ. ನೀ ಬಡಿ."

ಸುತ್ತಿಗೆ ಮೇಲೆದ್ದು ಒಂದು ಉಸಿರಿನಷ್ಟು ಹೊತ್ತು ಅಲ್ಲೇ ನಿಂತಿತು. ಮುರಿಗೆಪ್ಪ ದೂಜನ ಮುಖ ನೋಡಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ, ಮೂಲೆಯನ್ನೇ ನೋಡುತ್ತಿದ್ದ. ಏಟು ಬಿತ್ತು. ಬೆರಳಿನಿಂದ ಒಂದು ಕೂದಲಿನಷ್ಟು ಆಚೆ, 'ಟಕ್' ಎಂದು ಒಂದೇ ಏಟು. ದೂಜ ತುಂಡನ್ನು ಎಳೆದುಕೊಂಡು ಟೋಪಿಯನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಅಲುಗಲಿಲ್ಲ.

"ಇನ್ನೊಂದು ಕೊಡಿ," ಎಂದ.